ಬೂತಪ್ಪ ಕಟ್ಟದ ಬಾಜಿ

ಜಯಪುರದ ಬಸ್ ನಿಲ್ದಾಣದ ಎದುರು ನಮ್ಮ ಅಂಗಡಿ. ಒಂದೇ ಬಾಗಿಲು, ಎರಡು ಮೇಜು. ಎಡಗಡೆಯ ಮೇಜು ನನ್ನದು. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ, ಹೀಗೆ ಜನರನ್ನು ಓಡಾಡಿಸಲೆಂದೇ ಕಂಡುಹಿಡಿದ ಕಾಗದಗಳೆಲ್ಲ ನನ್ನ ಹತ್ತಿರ ಸಿಗುತ್ತವೆ. ಬಲಗಡೆಯ ಮೇಜು ನನ್ನ ಗಂಡ ಸಿದ್ದಾರ್ಥರದು. ಸಿಮ್ಮು, ರೀಚಾರ್ಜು, ಮತ್ತು ಕಳೆದ ವರ್ಷದಿಂದ ಕುದುರೆ ರೇಸಿನ ಬಾಜಿ. ಮನೆಯಲ್ಲೇ ಕೂತು ಮೊಬೈಲಿನಲ್ಲಿ ಕುದುರೆ ಮೇಲೆ ದುಡ್ಡು ಕಟ್ಟಬಹುದು ಎಂದು ಕಾನೂನು ಬಂದದ್ದೇ ತಡ, ಒಂದು ಕಂಪನಿ ಇವರಿಗೆ ಏಜೆನ್ಸಿ ಕೊಟ್ಟಿತು. ಇವರು ಅದರ ಲೈಸೆನ್ಸಿಗೆ ಫ್ರೇಮು ಹಾಕಿಸಿ, ದೇವರ ಪಟದ ಪಕ್ಕದಲ್ಲೇ ಮೊಳೆ ಹೊಡೆದರು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕು ಜಾಲಾಡಿದರೂ ಒಂದು ರೇಸ್ ಕುದುರೆ ಸಿಗಲಿಕ್ಕಿಲ್ಲ. ಆದರೆ ಶನಿವಾರ ಮಧ್ಯಾಹ್ನ ನಮ್ಮ ಅಂಗಡಿಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಕಿಗ್ಗದಿಂದ, ಶೆಟ್ಟಿಕೊಪ್ಪದಿಂದ ಫೋನು ಬರುತ್ತದೆ. ಕುದುರೆಗೆ ಎಷ್ಟು ಹಲ್ಲು ಎಂದು ಗೊತ್ತಿಲ್ಲದವರೆಲ್ಲ ‘ಮೂರನೇ ನಂಬರಿಗೆ ಹೊಡಿ ಮಾರಾಯ’ ಎನ್ನುತ್ತಾರೆ. ಇಡೀ ಸೀಮೆಯಲ್ಲಿ ಕುದುರೆಯನ್ನು ನಿಜವಾಗಿ ಬಲ್ಲವನು ಒಬ್ಬನೇ ಇದ್ದ. ಅವನು ಒಂದು ದಿನವೂ ಬಾಜಿ ಕಟ್ಟಿದವನಲ್ಲ. ಅವನೇ ಬೂತಪ್ಪ.

ಬೂತಪ್ಪನಿಗೆ ಈಗ ಐವತ್ತೊಂಬತ್ತು. ಹುಟ್ಟಿದ್ದು ಇಲ್ಲೇ ಹತ್ತಿರದ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ. ಅವನಪ್ಪ ಚೋಮ ಗಿಡಕ್ಕೆ ಗೊಬ್ಬರ ಹೊತ್ತೇ ಸವೆದವನು. ಆ ಎಸ್ಟೇಟಿನ ಯಜಮಾನರಿಗೆ ರೇಸಿನ ಹುಚ್ಚು. ಪಟ್ಟಣದ ರೇಸ್ ಕೋರ್ಸಿನಲ್ಲಿ ಅವರದೊಂದು ಹೆಣ್ಣು ಕುದುರೆ ಓಡುತ್ತಿತ್ತು. (ಪಟ್ಟಣ ಯಾವುದೆಂದು ಹೇಳುವುದಿಲ್ಲ. ಅಲ್ಲಿಯವರಿಗೆ ವಕೀಲರಿದ್ದಾರೆ, ನನಗಿಲ್ಲ.) ಒಂದು ಸಲ ಅದರ ಕಾಲು ಉಳುಕಿತು. ಆರು ತಿಂಗಳು ಆರೈಕೆಯಾಗಲಿ ಎಂದು ಲಾರಿಯಲ್ಲಿ ಎಸ್ಟೇಟಿಗೆ ತಂದರು. ಅದು ಹತ್ತಿರ ಹೋದವರಿಗೆಲ್ಲ ಬಾಯಿ ಹಾಕಿತು. ಹತ್ತೊಂಬತ್ತು ವರ್ಷದ ಬೂತಪ್ಪನಿಗೂ ಬಿಡಲಿಲ್ಲ. ಅವನ ಬಲಗೈಯ ಉಂಗುರದ ಬೆರಳಿನ ತುದಿ ಅದರ ಹೊಟ್ಟೆಗೇ ಹೋಯಿತು. ಮಾರನೆಯ ದಿನ ಇವನು ಬಟ್ಟೆ ಸುತ್ತಿದ ಕೈಯಲ್ಲೇ ಹುಲ್ಲು ಹಿಡಿದುಕೊಂಡು ಮತ್ತೆ ಹೋಗಿ ನಿಂತ. ಅಂದಿನಿಂದ ಅದು ಬೇರೆಯವರ ಕೈಯಿಂದ ತಿನ್ನುವುದನ್ನೇ ಬಿಟ್ಟಿತು.

ಕಾಲು ವಾಸಿಯಾಗಿ ಕುದುರೆ ಹೊರಟ ದಿನ ಯಜಮಾನರು ‘ನೀನೂ ಹತ್ತೋ ಲಾರಿ’ ಎಂದರು. ಹತ್ತಿದ. ಅವನು ಅಲ್ಲಿ ಸೈಸ್ ಆದ. ಅಂದರೆ ಕುದುರೆಯನ್ನು ತಿಕ್ಕಿ, ತೊಳೆದು, ತಿನ್ನಿಸಿ, ನಡೆಸಿ, ಅದರ ಪಕ್ಕದಲ್ಲೇ ಮಲಗುವವನು. ಇಪ್ಪತ್ತೊಂಬತ್ತು ವರ್ಷ ಅದೇ ಕೆಲಸ. ಮದುವೆಯಾದ ಮೇಲೆ ಹೆಂಡತಿ ಸುಬ್ಬಿ ಎಸ್ಟೇಟಿನ ಲೈನಿನಲ್ಲೇ ಉಳಿದಳು. ಇವನು ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದ.

ಅವನ ಅಂಗೈಯ ಬಗ್ಗೆ ಹೇಳಲೇಬೇಕು. ಬೆಳಗಾಗುವ ಮೊದಲು ಎದ್ದು ಕುದುರೆಯ ನಾಲ್ಕೂ ಕಾಲನ್ನು ಮಂಡಿಯಿಂದ ಗೊರಸಿನವರೆಗೆ ಅಂಗೈಯಲ್ಲಿ ಸವರುತ್ತಿದ್ದನಂತೆ. ಎಲ್ಲಾದರೂ ಒಂದು ಬೆರಳಗಲ ಬಿಸಿ ಇದ್ದರೆ ಆ ಕುದುರೆ ಅಂದು ಓಡಬಾರದು. ಡಾಕ್ಟರು ಎರಡು ದಿನ ಬಿಟ್ಟು ಹೇಳುವುದನ್ನು ಇವನ ಅಂಗೈ ಅಂದೇ ಹೇಳುತ್ತಿತ್ತು. ಹಾಗೆ ಗೊತ್ತಾದದ್ದನ್ನು ಟ್ರೇನರಿಗೆ ಬಿಟ್ಟು ಬೇರೆ ನರಪಿಳ್ಳೆಗೂ ಹೇಳುವಂತಿಲ್ಲ. ಕುದುರೆ ಮೇಲೆ ತಾನೂ ದುಡ್ಡು ಕಟ್ಟುವಂತಿಲ್ಲ. ಇದು ರೇಸ್ ಕೋರ್ಸ್ ನಡೆಸುವ ಕ್ಲಬ್ಬಿನವರು ಮಾಡಿದ ನಿಯಮವಲ್ಲ, ಸೈಸುಗಳು ತಾವೇ ಮಾಡಿಕೊಂಡದ್ದು. ಕದ್ದು ಬಾಜಿ ಕಟ್ಟಿದವನು ಸಿಕ್ಕಿಬಿದ್ದರೆ ಅವನ ಜೊತೆ ಒಲೆ ಹಂಚಿಕೊಳ್ಳುತ್ತಿರಲಿಲ್ಲ. ಅವನು ಒಬ್ಬನೇ ಬೇಯಿಸಿಕೊಂಡು ಒಬ್ಬನೇ ಉಣ್ಣಬೇಕಿತ್ತು.

ಹನ್ನೊಂದು ವರ್ಷದ ಹಿಂದೆ ಗಾಳಿಗೆ ತಾಡಪಾಲು ಪಟಪಟ ಬಡಿದು, ಹೆದರಿದ ಕುದುರೆಯೊಂದು ಅವನನ್ನು ಒದ್ದಿತು. ಬಲಗಾಲಿನ ಮೊಣಕಾಲ ಕೆಳಗೆ ಎಲುಬು ಮುರಿಯಿತು. ಟ್ರೇನರು ಒಳಗೆ ಕಬ್ಬಿಣದ ರಾಡು ಹಾಕಿಸಿ, ಬಸ್ ಹತ್ತಿಸಿ ಕೈ ತೊಳೆದುಕೊಂಡ. ಇವನು ಕ್ಲಬ್ಬಿನ ನೌಕರನಲ್ಲ, ಟ್ರೇನರ ಕಡೆಯವನು ಎಂದಿತು ಕ್ಲಬ್ಬು. ಟ್ರೇನರು ಆಮೇಲೆ ಫೋನೇ ಎತ್ತಲಿಲ್ಲ. ಇಪ್ಪತ್ತೊಂಬತ್ತು ವರ್ಷಕ್ಕೆ ಒಂದು ಚೀಟಿಯೂ ಇಲ್ಲ. ಬೂತಪ್ಪ ವಾಪಸ್ ಬಂದು ಅದೇ ಎಸ್ಟೇಟಿನ ಗೇಟು ಕಾಯುವುದಕ್ಕೆ ನಿಂತ.

ಈ ವರ್ಷದ ಆರಂಭದಲ್ಲಿ ಆ ರಾಡಿನ ಸುತ್ತ ಕೀವು ಕಟ್ಟಿತು. ಶಿವಮೊಗ್ಗದ ಡಾಕ್ಟರು ನೋಡಿ, ರಾಡು ತೆಗೆದು ಎಲುಬು ಶುದ್ಧ ಮಾಡಬೇಕು, ಎರಡು ಆಪರೇಷನ್ ಬೇಕು, ಮೂರು ತಿಂಗಳು ದಾಟಿದರೆ ಕಾಲು ಉಳಿಯುವುದಿಲ್ಲ ಎಂದರು. ಇವನ ಹತ್ತಿರ ಇದ್ದ ಸರ್ಕಾರಿ ಆರೋಗ್ಯ ಕಾರ್ಡಿನಲ್ಲಿ ಆ ಆಪರೇಷನ್ ಬರುವುದಿಲ್ಲವಂತೆ. ಕಾಲು ಕತ್ತರಿಸುವುದಾದರೆ ಬರುತ್ತದಂತೆ. ಇದನ್ನು ಕೇಳಿದಾಗ ನನಗೆ ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಬೇಕೆಂದೇ ತಿಳಿಯಲಿಲ್ಲ.

ಆದರೆ ಬಾಜಿಯ ಹೊಸ ಕಾನೂನಿನ ಜೊತೆ ಇನ್ನೊಂದು ಬಂದಿತ್ತು. ಫೋನಿನಲ್ಲಿ ಕಟ್ಟಿದ ಪ್ರತಿ ಬಾಜಿಯಿಂದ ಒಂದು ಪಾಲು ರೇಸ್ ಕೋರ್ಸಿನ ಕೆಲಸಗಾರರ ನಿಧಿಗೆ ಹೋಗಬೇಕು. ಈಗ ಇರುವವರಿಗೂ ಹಿಂದೆ ದುಡಿದವರಿಗೂ ಒಂದು ಕಾರ್ಡು, ಅದರಲ್ಲಿ ಯಾವ ಆಪರೇಷನ್ನೂ ಪುಕ್ಕಟೆ. ಆ ಸುತ್ತೋಲೆ ಓದಿದವಳು ನಾನೇ. ಬೂತಪ್ಪನಿಗೆ ಹೇಳಿಕಳಿಸಿದವಳೂ ನಾನೇ. ಇಷ್ಟು ಪುಣ್ಯವಾದರೂ ನನ್ನ ಪಾಲಿಗಿರಲಿ.

ಅವನು ಸುಬ್ಬಿಯ ಹೆಗಲು ಹಿಡಿದುಕೊಂಡು ಬಂದ. ನಾನು ಅರ್ಜಿ ತುಂಬುತ್ತ ಒಂದೊಂದೇ ಓದಿ ಹೇಳಿದೆ. ಒಂಬತ್ತನೇ ಕಲಮಿನಲ್ಲಿ ‘ನನ್ನ ಹೆಸರಿನಲ್ಲಿ ಯಾವುದೇ ಬಾಜಿ ಖಾತೆ ಇರುವುದಿಲ್ಲ’ ಎಂದಿತ್ತು. ಕುದುರೆ ಹತ್ತಿರ ಇರುವವರು ಮೋಸದಾಟ ಆಡಬಾರದಲ್ಲ, ಅದಕ್ಕೆ. ಬೂತಪ್ಪ ನಕ್ಕ.

“ಇದನ್ನು ಕೇಳ್ಬೇಕಾ ಅಮ್ಮ? ಸುಳ್ಳಾದ್ರೆ ನನ್ನ ಕಾರ್ಡು ಕಿತ್ಕಳ್ಳಿ ಅಂತ ದೊಡ್ಡಕ್ಷರದಲ್ಲಿ ಬರೀರಿ.”

ಆಮೇಲೆ ಬೆರಳಚ್ಚು. ನನ್ನ ಮಿಷನ್ನು ಹಳೆಯದು. ಇವನ ಬೆರಳೋ, ಹಗ್ಗ ಹಿಡಿದು, ಕುದುರೆಗೆ ಹಚ್ಚುವ ಎಣ್ಣೆಯಲ್ಲಿ ತಿಕ್ಕಿ ತಿಕ್ಕಿ, ಗೆರೆಯೇ ಇಲ್ಲದಂತೆ ನುಣ್ಣಗಾಗಿತ್ತು. ಹತ್ತೂ ಬೆರಳಿಟ್ಟರೂ ‘ಮತ್ತೆ ಪ್ರಯತ್ನಿಸಿ’ ಎಂದೇ ಬಂತು. ಬೂತಪ್ಪ ಬೆವೆತು ಹೋದ. ತಾನು ತಾನೇ ಎಂದು ತೋರಿಸಲಾಗದೆ ನಿಂತವನ ಮುಖ ನೋಡುವುದಕ್ಕಾಗುವುದಿಲ್ಲ.

ಆಗ ಸಿದ್ದಾರ್ಥ ಬಲಗಡೆಯ ಮೇಜಿನಿಂದ ಕರೆದರು. “ಇಲ್ಲಿ ಬಾ ಮಾರಾಯ ಬೂತಪ್ಪ. ನಂದು ಹೊಸ ಮಿಷನ್ನು, ಕಂಪನಿಯೋರು ಕೊಟ್ಟಿದ್ದು. ಇದ್ರಲ್ಲಿ ಹಿಡೀತದೆ.”

ಹಿಡಿಯಿತು. ಒಂದೇ ಸಲಕ್ಕೆ ಹಸಿರು ದೀಪ ಬಂತು. ಬೂತಪ್ಪನ ಫೋನಿಗೆ ನಂಬರೊಂದು ಬಂದಾಗ, ಓದಲು ಬಾರದ ಅವನು ಫೋನನ್ನೇ ಸಿದ್ದಾರ್ಥರ ಕೈಗೆ ಕೊಟ್ಟ. ಬಳಿಕ ಇವರು ಅದೇ ಮಿಷನ್ನಿನ ವೈರು ಕಿತ್ತು ನನ್ನ ಕಂಪ್ಯೂಟರಿಗೆ ಸಿಕ್ಕಿಸಿ, ನನ್ನ ಅರ್ಜಿಗೂ ಅಚ್ಚು ಒತ್ತಿಸಿಕೊಟ್ಟರು. ಎರಡು ಸಲ ಯಾಕೆ ಎಂದು ಬೂತಪ್ಪ ಕೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಗಂಡನಿಗೂ ಒಳ್ಳೆ ಬುದ್ಧಿ ಬಂತಲ್ಲ ಎಂದು ಅವತ್ತು ಮಧ್ಯಾಹ್ನ ಅವರಿಗಿಷ್ಟದ ಒತ್ತು ಶ್ಯಾವಿಗೆ ಮಾಡಿದೆ. ಈಗ ನೆನೆದರೆ ಹೇಸಿಗೆಯಾಗುತ್ತದೆ.

ಹದಿನೈದು ದಿನ ಬಿಟ್ಟು ಕೊಪ್ಪದಲ್ಲಿ ದಾಖಲೆ ಪರಿಶೀಲನೆಯ ಶಿಬಿರ. ನಿಧಿಯ ಕಚೇರಿಯಿಂದ ಸುಂದರೇಶ್ ಎಂಬ ಅಧಿಕಾರಿ ಬಂದಿದ್ದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈಯಲು ನನಗೆ ಸುಲಭವಿತ್ತು. ದುಡಿದದ್ದಕ್ಕೆ ಪುರಾವೆ ಏನಿದೆ ಎಂದು ಕೇಳಿದರು. ಬೂತಪ್ಪನ ಹತ್ತಿರ ಇದ್ದದ್ದು ಫೋಟೋಗಳು ಮಾತ್ರ, ಹನ್ನೆರಡು. ಕುದುರೆ ಗೆದ್ದಾಗ ತೆಗೆಯುವ ಫೋಟೋಗಳು. ನಡುವೆ ಕುದುರೆ, ಸುತ್ತ ಮಾಲೀಕರು, ಅವರ ಹೆಂಡಿರು, ಅಳಿಯಂದಿರು, ಕಪ್ಪು ಕನ್ನಡಕದವರು. ಕುದುರೆಯ ತಲೆಯ ಹತ್ತಿರ ಲಗಾಮು ಹಿಡಿದ ಒಬ್ಬ ಮನುಷ್ಯ. ಹನ್ನೆರಡರಲ್ಲಿ ಒಂದರಲ್ಲೂ ಅವನ ಮುಖವಿಲ್ಲ.

“ಎಂತದ್ರೀ ಇದು? ಎಲ್ಲದ್ರಲ್ಲೂ ಬೆನ್ನು, ಕಿವಿ ಅಷ್ಟೇ ಇದೆಯಲ್ಲ. ಕ್ಯಾಮೆರಾ ಕಡೆ ಒಂದ್ಸಲನಾದ್ರೂ ನೋಡ್ಬಾರ್ದಿತ್ತಾ?” ಎಂದರು ಸುಂದರೇಶ್.

“ಅಲ್ಲಿ ನೋಡಿದ್ರೆ ಕುದುರೆ ಯಾರು ನೋಡ್ತಾರೆ ಸ್ವಾಮಿ? ಫ್ಲಾಶ್ ಹೊಡೆದ ಕೂಡ್ಲೆ ಅದು ಕಿವಿ ಹಿಂದೆ ಮಾಡ್ತದೆ. ಕಿವಿ ಹಿಂದೆ ಹೋತು ಅಂದ್ರೆ ಒದಿತದೆ. ಅಷ್ಟು ಮಕ್ಳು ಮರಿ ನಿಂತಿರ್ತಾರೆ. ಕ್ಯಾಮೆರಾ ನೋಡೋನು ಸೈಸಲ್ಲ” ಎಂದ ಬೂತಪ್ಪ. ಅವನ ಮಾತಿನಲ್ಲಿ ಹೆಮ್ಮೆ ಇತ್ತು. ಕೆಲಸ ಸರಿಯಾಗಿ ಮಾಡಿದ್ದಕ್ಕೇ ಪುರಾವೆ ಇಲ್ಲದವನಾಗಿದ್ದ.

ಸುಂದರೇಶ್ ಫೋಟೋಗಳನ್ನು ಹಿಂದಕ್ಕೆ ಸರಿಸಿದರು. ಅಷ್ಟರಲ್ಲಿ ಒಂದರ ಮೇಲೆ ನನ್ನ ಕಣ್ಣು ಬಿತ್ತು. ಕುದುರೆಯ ದವಡೆಯ ಕೆಳಗೆ ಲಗಾಮು ಹಿಡಿದ ಬಲಗೈ ಸ್ಪಷ್ಟವಾಗಿ ಕಾಣುತ್ತಿತ್ತು, ಅದರ ಉಂಗುರದ ಬೆರಳು ಮೊಂಡು. “ಸಾರ್, ಕೈ ನೋಡಿ, ಇವರ ಕೈ ನೋಡಿ” ಎಂದು ನಾನು ಹೆಚ್ಚುಕಡಿಮೆ ಕೂಗಿದೆ. ಅವರು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ, ಬೂತಪ್ಪನ ಕೈಯನ್ನು ಮೇಜಿನ ಮೇಲಿಡಿಸಿ ಹೋಲಿಸಿದರು. ಇನ್ನೂ ನಾಲ್ಕು ಫೋಟೋದಲ್ಲಿ ಅದೇ ಮೊಂಡು ಬೆರಳು ಸಿಕ್ಕಿತು. ಅವರೂ ನಕ್ಕುಬಿಟ್ಟರು, ಠಸ್ಸೆ ಒತ್ತಿದರು. ಬಸ್ಸಿನಲ್ಲಿ ಬರುವಾಗ ಸುಬ್ಬಿ ಆ ಬೆರಳನ್ನು ತನ್ನ ಸೆರಗಿನಲ್ಲಿ ಹಿಡಿದುಕೊಂಡೇ ಕೂತಿದ್ದಳು.

ಮೂರು ವಾರದ ಬಳಿಕ ಪಟ್ಟಿ ಬಂತು. ಬೂತಪ್ಪನ ಹೆಸರಿನ ಮುಂದೆ ‘ತಿರಸ್ಕೃತ’ ಎಂದಿತ್ತು. ಕಾರಣ: ಅರ್ಜಿದಾರರ ಹೆಸರಿನಲ್ಲಿ ಚಾಲ್ತಿ ಬಾಜಿ ಖಾತೆ ಇದೆ. ನನಗೆ ನಗು ಬಂತು. ಯಾವ ಮೂರ್ಖರು ಕೂತಿದ್ದಾರಪ್ಪ ಅಲ್ಲಿ ಎಂದುಕೊಂಡು ವಿವರ ತೆರೆದೆ. ಖಾತೆ ತೆರೆದ ದಿನ, ನಾನು ಅರ್ಜಿ ತುಂಬಿದ ದಿನವೇ. ಅರ್ಜಿಗಿಂತ ಆರು ನಿಮಿಷ ಮೊದಲು. ಕೆಳಗೆ ಏಜೆಂಟನ ನಂಬರು. ತಲೆಯೆತ್ತಿ ಗೋಡೆಯ ಮೇಲಿದ್ದ ಫ್ರೇಮು ನೋಡಿದೆ. ಅದೇ ನಂಬರು.

“ರೀ, ಬೂತಪ್ಪನ ಹೆಸ್ರಲ್ಲಿ ಖಾತೆ ತೆಗ್ದಿದ್ದೀರಾ?”

ಇವರು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. “ಒಬ್ಬಂದಾ? ಆ ತಿಂಗ್ಳು ಕಂಪನಿಯೋರು ಹೇಳಿದಷ್ಟು ಖಾತೆ ಆಗಿರ್ಲಿಲ್ಲ ಮಾರಾಯ್ತಿ, ಏಜೆನ್ಸಿ ಕಿತ್ಕಳ್ತೀವಿ ಅಂತ ದಿನಾ ಫೋನು. ಬೆರಳು ಹೆಂಗೂ ಬಂದಿತ್ತು, ಮಾಡ್ದೆ. ಅವನಿಗೆ ಎಂತ ನಷ್ಟ ಆಯ್ತು ಹೇಳು?”

“ಕಾಲು” ಎಂದೆ.

ಆಗ ತಲೆಯೆತ್ತಿದರು. ವಿಷಯ ಹೇಳಿದೆ. ಮುಖ ಸಣ್ಣದಾಯಿತು, ಇಲ್ಲವೆನ್ನಲಾರೆ. “ನಾಳೆನೇ ಕ್ಲೋಸ್ ಮಾಡಿಸ್ತೀನಿ” ಎಂದರು. ಮುಚ್ಚಿದ ಖಾತೆಯೂ ಮೂರು ವರ್ಷ ಲೆಕ್ಕಕ್ಕೆ ಬರುತ್ತದೆ ಎಂದು ನಿಯಮದಲ್ಲಿತ್ತು. ಒಂದೇ ದಾರಿ ಉಳಿದಿತ್ತು. ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬೇಕು. ತನಗೆ ಗೊತ್ತಿಲ್ಲದೆ ಖಾತೆ ತೆರೆದಿದ್ದಾರೆ ಎಂದು ಏಜೆಂಟನ ಮೇಲೆ ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿಯನ್ನು ಜೊತೆಗಿಡಬೇಕು.

ಮರುದಿನ ಬೂತಪ್ಪನ ಲೈನಿಗೆ ಹೋದೆ. ಅವನು ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ. ಬಟ್ಟೆ ಸುತ್ತಿದ ಕಾಲಿನಿಂದ ವಾಸನೆ ಬರುತ್ತಿತ್ತು. ಎಲ್ಲ ಹೇಳಿಬಿಡಬೇಕೆಂದೇ ಹೋಗಿದ್ದೆ. “ನಿಮ್ಮ ಹೆಸರಲ್ಲಿ ಯಾರೋ ಬಾಜಿ ಖಾತೆ ತೆಗ್ದಿದ್ದಾರೆ ಬೂತಪ್ಪಣ್ಣ. ಕಂಪನಿ ಕಡೆಯ ತಪ್ಪು” ಎಂದೆ. ‘ಯಾರೋ’ ಎಂಬ ಮಾತು ಅದಾಗಿಯೇ ಬಾಯಿಂದ ಬಂತು.

ಅವನು ಕಾಲಿನ ಬಟ್ಟೆ ಬಿಗಿ ಮಾಡಿಕೊಂಡ. ಆಮೇಲೆ ಕೇಳಿದ, “ನಾನು ಯಾವ ಕುದುರೆ ಮೇಲೆ ಕಟ್ಟಿದ್ದು ಅಂತೆ?”

ಖಾತೆ ತೆರೆದವರಿಗೆ ಕಂಪನಿ ಕೊಡುವ ಪುಕ್ಕಟೆ ಬಾಜಿಯನ್ನು ಸಿದ್ದಾರ್ಥ ಯಾವುದೋ ಏಳನೇ ನಂಬರಿಗೆ ಕಟ್ಟಿದ್ದರು. ಏಳನೇ ನಂಬರಿಗಂತೆ ಎಂದಷ್ಟೇ ಹೇಳಿದೆ.

“ಗೆದ್ತಾ ಅದು?”

“ಇಲ್ಲ. ಅರ್ಧಕ್ಕೆ ಕುಂಟಿ ನಿಂತ್ಕೊಂಡ್ತಂತೆ.”

“ಥೋ” ಎಂದ. “ಓಡಿಸ್ಬಾರ್ದಿತ್ತು ಅದನ್ನು. ಬೆಳಿಗ್ಗೆ ಕೈಯಿಟ್ಟು ನೋಡಿದ್ರೆ ಗೊತ್ತಾಗ್ತಿತ್ತು.” ತನ್ನ ಕಾಲನ್ನು ಮರೆತು ಆ ಕುದುರೆಯ ಕಾಲಿಗಾಗಿ ನೊಂದುಕೊಂಡ. ಆಮೇಲೆ ದನಿ ತಗ್ಗಿಸಿ, “ರೇಸ್ ಕೋರ್ಸಲ್ಲಿ ಹಳಬರು ಇದ್ದಾರಮ್ಮ, ಪಟ್ಟಿ ನೋಡ್ತಾರೆ. ಬೂತಪ್ಪನೂ ಕಟ್ತಿದ್ದ ಅಂತ ಅಂದ್ಕೊಳ್ತಾರೆ. ಇದಕ್ಕೆ ಏನಾದ್ರೂ ಮಾಡ್ಲಿಕ್ಕೆ ಬರ್ತದಾ?” ಎಂದ.

“ನೋಡ್ತೀನಿ” ಎಂದೆ.

ನೋಡಿದೆ. ದೂರನ್ನು ನಾನೇ ಟೈಪು ಮಾಡಿದೆ, ಮೂರು ಪ್ರತಿ. ಗಂಡನ ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ, ಎಲ್ಲ ಸರಿಯಾಗಿ. ಬೂತಪ್ಪನಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಠಾಣೆಗೆ ಕೊಟ್ಟರೆ ಮುಗಿಯಿತು. ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಎರಡು ಸಲ ಲೈನಿನ ದಾರಿ ಹಿಡಿದೆ. ಎರಡು ಸಲವೂ ಎಸ್ಟೇಟಿನ ಗೇಟಿನವರೆಗೆ ಹೋಗಿ ತಿರುಗಿದೆ. ಗಂಡನ ಮೇಲೆ ಪ್ರೀತಿ ಉಕ್ಕಿ ಹಾಗೆ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಮನುಷ್ಯನ ಮುಖ ನೋಡಿದರೆ ಮೈ ಉರಿಯುತ್ತಿತ್ತು. ನನಗಿದ್ದದ್ದು ಬಾಳೆಹೊನ್ನೂರಿನ ತವರಿನವರ ಮುಖ, ಬೀದಿಯವರ ಬಾಯಿ, ಮಗಳ ಶಾಲೆಯಲ್ಲಿ ಯಾರು ಏನೆನ್ನುತ್ತಾರೋ ಎಂಬ ಭಯ. ಆ ಭಯಕ್ಕೆ ನಾನು ಸಂಸಾರ ಎಂದು ಹೆಸರಿಟ್ಟುಕೊಂಡೆ.

ಸಿದ್ದಾರ್ಥ ಒಂದು ದಿನ ಆ ಪ್ರತಿಗಳನ್ನು ನನ್ನ ಬ್ಯಾಗಿನಲ್ಲಿ ನೋಡಿದರು. ಹರಿಯಲಿಲ್ಲ, ಕೂಗಾಡಲಿಲ್ಲ. “ನಿನಗೆ ಸರಿ ಅನ್ಸಿದ್ರೆ ಕೊಡು” ಎಂದು ಅಲ್ಲೇ ಇಟ್ಟರು. ನಾನು ಕೊಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದೇ ನನಗೆ ಹೆಚ್ಚು ಅವಮಾನವಾದದ್ದು, ಆದರೂ ಕೊಡಲಿಲ್ಲ.

ಇಪ್ಪತ್ತನಾಲ್ಕನೆಯ ದಿನ ಸುಬ್ಬಿ ಅಂಗಡಿಗೆ ಬಂದಳು. “ಎಂತಾದ್ರೂ ದಾರಿ ಆಯ್ತಾ ಅಮ್ಮ? ರಾತ್ರಿಯೆಲ್ಲ ನರಳ್ತಾರೆ” ಎಂದಳು. ಸಿದ್ದಾರ್ಥ ಪಕ್ಕದ ಮೇಜಿನಲ್ಲಿ ಯಾರಿಗೋ ರೀಚಾರ್ಜು ಮಾಡುತ್ತಿದ್ದರು, ಅವರ ಬೆರಳು ನಿಂತಿತು. ನಾನು ಕಂಪ್ಯೂಟರಿನತ್ತ ನೋಡಿಕೊಂಡು, “ದಾರಿ ಇಲ್ಲ ಸುಬ್ಬಿ. ಮೇಲ್ಮನವಿಗೆ ಅವಕಾಶನೇ ಇಟ್ಟಿಲ್ಲ ಅವ್ರು” ಎಂದೆ. ಆರು ದಿನ ಬಾಕಿ ಇತ್ತು. ಅವಳು ತಲೆಯಾಡಿಸಿ ಹೊರಟಳು. ಕಾಗದದ ವಿಷಯದಲ್ಲಿ ಜಯಪುರದಲ್ಲಿ ನನ್ನ ಮಾತೇ ಕೊನೆಯ ಮಾತು.

ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಮಂಡಿಯ ಮೇಲೆ ಕಾಲು ಕತ್ತರಿಸಿದರು. ಅದು ಹಳೆಯ ಕಾರ್ಡಿನಲ್ಲಿ ಪುಕ್ಕಟೆಯಾಯಿತು. ಎಸ್ಟೇಟಿನವರು ಗೇಟು ಕಾಯಲು ಬೇರೆಯವರನ್ನು ನೇಮಿಸಿಕೊಂಡರು. ಬೂತಪ್ಪನನ್ನು ನೋಡಲು ನಾನು ಹೋಗಲಿಲ್ಲ. ಅವನೇ ಬಂದುಹೋದವರ ಹತ್ತಿರ ನನ್ನನ್ನು ಹೊಗಳುತ್ತಾನಂತೆ. ‘ಆ ಶ್ವೇತಮ್ಮ ಒಬ್ರು ನಂಗೋಸ್ಕರ ಕೊಪ್ಪಕ್ಕೆ ಬಂದ್ರು, ಅಧಿಕಾರಿ ಹತ್ರ ಕೂಗಾಡಿದ್ರು, ಎಷ್ಟು ಓಡಾಡಿದ್ರೂ ಆಗ್ಲಿಲ್ಲ, ಅವ್ರದ್ದೆಂತ ತಪ್ಪು’ ಎನ್ನುತ್ತಾನಂತೆ. ಇದನ್ನು ಮೂವರು ಬಂದು ನನಗೆ ಹೇಳಿದ್ದಾರೆ, ಸಂತೋಷವಾಗಲಿ ಎಂದು.

ಮೊನ್ನೆ ಸುಬ್ಬಿ ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಿಸಲು ಬಂದಳು. ಕೈಯಲ್ಲಿ ಬಾಳೆಎಲೆಯಲ್ಲಿ ಸುತ್ತಿದ ಒಂದು ಕಟ್ಟು ಎಳೆ ಬಿದಿರಿನ ಕಳಲೆ ಇತ್ತು, ನನಗೆಂದು ಹೆಚ್ಚಿ ನೆನೆಸಿ ತಂದದ್ದು. ಬೇಡ ಎನ್ನದೆ ತೆಗೆದುಕೊಂಡು ಮೇಜಿನ ಕೆಳಗಿಟ್ಟೆ. ಸಿದ್ದಾರ್ಥ ಎದ್ದು ಅವಳಿಗೆ ಸ್ಟೂಲು ಹಾಕಿ, “ಹೆಂಗಿದ್ದಾನೆ ಬೂತಪ್ಪ?” ಎಂದು ವಿಚಾರಿಸಿದರು. ಹೊರಗೆ ಶನಿವಾರದ ಗಿರಾಕಿಗಳು ಒಂದೂವರೆಯ ರೇಸಿಗಾಗಿ ಕಾಯುತ್ತಿದ್ದರು.

ಅರ್ಜಿ ತುಂಬುತ್ತ ಹೋದೆ. ಹೆಸರು, ವಯಸ್ಸು, ಊರು. ಅಂಗವೈಕಲ್ಯಕ್ಕೆ ಕಾರಣ ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಸುಬ್ಬಿ ಕಾದಳು. ನಾನು ‘ಕಾಯಿಲೆ’ ಎಂದು ಬರೆದು ಅವಳಿಗೆ ಓದಿ ಹೇಳಿದೆ. ಅವಳು “ಹೌದಮ್ಮ” ಎಂದಳು.